ಏಳನೇ ಬಾವಿ

ಬಾವಿ ಎಂದರೆ ಬಾವಿಯಲ್ಲ.
ಆಂಡಿಸ್ ಬೆಟ್ಟಗಳ ನಡುವೆ, ಉಪ್ಪಿನ ಬಯಲಿನ ಅಂಚಿಗೆ,
ಲಾಮಾಗಳು ಮೇಯುವ ಜೌಗಿನಲ್ಲಿ ನೆಟ್ಟ ಕಬ್ಬಿಣದ ಕೊಳವೆ.
ಮೇಲೆ ಹಳದಿ ಮುಚ್ಚಳ, ಮುಚ್ಚಳಕ್ಕೆ ಬೀಗ,
ಬೀಗದ ಕೈ ನನ್ನ ಕೊರಳಲ್ಲಿ,
ಅವ್ವ ಹೊಸೆದ ಕೆಂಪು ಉಣ್ಣೆಯ ದಾರದಲ್ಲಿ.

ತಿಂಗಳಿಗೊಮ್ಮೆ ಬಂದು ಟೇಪು ಇಳಿಬಿಡುತ್ತೇನೆ.
ತುದಿಯ ಉಕ್ಕಿನ ಬೆರಳು ನೀರು ಮುಟ್ಟಿದರೆ
ಕೀಂ ಎನ್ನುತ್ತದೆ, ಈಗಷ್ಟೇ ಮೊಟ್ಟೆಯೊಡೆದ ಮರಿಯ ಹಾಗೆ.
ಆ ಕೀಂ ಎಷ್ಟು ಆಳಕ್ಕೆ ಕೇಳಿತೋ ಅದನ್ನು ಬರೆಯುವುದು ನನ್ನ ನೌಕರಿ.
ಫೆರ್ಮಿನಾ ಅಲಂಕಾಯ್, ಸಮುದಾಯದ ವೀಕ್ಷಕಿ
ಎಂದಿದೆ ಎದೆಯ ಬಿಲ್ಲೆಯಲ್ಲಿ.
ಫೋಟೋದಲ್ಲಿ ಗಾಳಿಗೆ ಕಣ್ಣು ಮುಚ್ಚಿದ್ದೇನೆ.

ಮೊದಲ ವರ್ಷ ನಾಲ್ಕು ಮೀಟರು.
ಆಮೇಲೆ ಆರೂವರೆ.
ಒಂಬತ್ತು ಬರೆದ ದಿನ ಎಂಜಿನಿಯರ್ ಲೆದೆಸ್ಮಾ
"ಕೈ ನಡುಗಿರಬೇಕು, ಇನ್ನೊಮ್ಮೆ ಅಳೆ" ಅಂದ.
ಇನ್ನೊಮ್ಮೆ ಅಳೆದೆ.
ಒಂಬತ್ತೇ.

"ನಾವು ತೆಗೆಯುವುದು ನೀರನ್ನಲ್ಲ,"
ಶಾಲೆಯ ಗೋಡೆಗೆ ಚಿತ್ರ ಬಿಟ್ಟು ಅವನೇ ವಿವರಿಸಿದ್ದ,
"ನೀರು ಬೇರೆ, ಉಪ್ಪುನೀರು ಬೇರೆ, ನಡುವೆ ಜೇಡಿಯ ಪದರ,
ಇದರ ಮಾತು ಅದಕ್ಕೆ ಕೇಳುವುದಿಲ್ಲ."
ಹಿಂದಿನ ಬೆಂಚಿನಿಂದ ಅವ್ವ, ಸತುರ್ನಿನಾ,
ಕೋಕಾ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿ
"ನನ್ನ ಕಣ್ಣಿಂದ ಬರುವುದು ಯಾವುದಪ್ಪಾ?" ಎಂದಳು.
ಯಾರೋ ನಕ್ಕರು. ಸಭೆ ಮುಗಿಯಿತು. ಬಿಸ್ಕತ್ತು ಹಂಚಿದರು.

ಇದ್ದದ್ದು ಹೇಳಬೇಕು:
ಮನೆಯ ತಗಡಿನ ಮಾಡು ಅವರ ಸಂಬಳದ್ದು,
ನಿಕಾನೋರನ ಕಾಲಿನ ಬೂಟು ಅವರದು,
ತಮ್ಮ ಎಲಾದಿಯೋ ಓಡಿಸುವ ಲಾರಿ ಅವರದು.
ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಸರಿ.
ಯಾರ ಉಪ್ಪನ್ನು ಯಾರು ತಿಂದದ್ದು?
ಅಜ್ಜ ಕೊಡಲಿ ಹಿಡಿದು ಈ ಬಯಲನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಡಿದು
ಲಾಮಾಗಳ ಬೆನ್ನಿಗೆ ಹೇರಿ, ಹನ್ನೊಂದು ದಿನ ನಡೆದು,
ಕಣಿವೆಯವರಿಗೆ ಕೊಟ್ಟು ಮೆಕ್ಕೆಜೋಳ ತರುತ್ತಿದ್ದ.
ಕಡಿದ ಗುಂಡಿಯಲ್ಲಿ ಬರುವ ವರ್ಷಕ್ಕೆ ಮತ್ತೆ ಉಪ್ಪು,
ಹಾಲುಹಲ್ಲು ಬಿದ್ದಲ್ಲಿ ಹಲ್ಲು ಬರುವಂತೆ.

ಕಂಪನಿಯ ಕೊಳಗಳು ಹಾಗಲ್ಲ.
ಪಚ್ಚೆ, ನೀಲಿ, ಎಷ್ಟು ಚೆಂದವೆಂದರೆ
ರಾಜಹಂಸಗಳೂ ನಂಬಿ ಇಳಿದವು.
ಇಳಿದವನ್ನು ಎಲಾದಿಯೋ ಚೀಲದಲ್ಲಿ ತುಂಬಿ ಒಯ್ದ.
ಎಲ್ಲಿ ಹೂತನೋ, ನನಗೂ ಹೇಳಲಿಲ್ಲ.

ಈ ಜುಲೈಯಲ್ಲಿ, ಗಾಳಿ ಉಪ್ಪಿನ ಹುಡಿಯನ್ನು ಮುಖಕ್ಕೆರಚುವ ಚಳಿಯಲ್ಲಿ,
ಮಗನನ್ನೂ ಕರೆತಂದಿದ್ದೆ. ಆರು ವರ್ಷ. ಶಾಲೆಗೆ ರಜೆ.
ಟೇಪು ಇಳಿಯುತ್ತಿತ್ತು. ಐದು, ಆರು, ಏಳು.
ಎಂಟರಲ್ಲಿ ಕೀಂ.
ಎಂಟು! ಬೆರಳು ಮರಗಟ್ಟಿದ್ದರೂ ದುಂಡಗೆ ಬರೆದೆ.
ಟೇಪು ಸುತ್ತಿ, ಬೀಗ ಜಡಿಯುವಾಗ ಮತ್ತೆ ಕೀಂ.
ತಿರುಗಿ ನೋಡಿದರೆ ನಿಕಾನೋರ
ಮಫ್ಲರಿನೊಳಗೆ ಬಾಯಿ ಹುದುಗಿಸಿ ನಗುತ್ತಿದ್ದಾನೆ.
"ಚಳಿ ಆಗ್ತಿತ್ತು, ಮನೆಗೆ ಹೋಗೋಣ ಅಂತ."

ಬೀಗ ತೆಗೆದೆ. ಮತ್ತೆ ಇಳಿಬಿಟ್ಟೆ.
ಒಂಬತ್ತು. ಹನ್ನೆರಡು. ಹದಿನೈದು.
ಸುರುಳಿ ಬರಿದಾಯಿತು.
ಕೊಳವೆಗೆ ಕಿವಿಯಿಟ್ಟೆ.
ಲಿಥಿಯಂ ಹಾಕಿದ ಕಾರು ಸದ್ದೇ ಮಾಡುವುದಿಲ್ಲವಂತೆ,
ಹೀಗೇ ಇರಬೇಕು.

ಹಾಳೆಯ ಖಾನೆಯಲ್ಲಿ ಅಂಕಿಗಷ್ಟೇ ಜಾಗ,
ಇಲ್ಲ ಎಂಬುದಕ್ಕೆ ಇಲ್ಲ.
ಎಂಟನ್ನು ಹೊಡೆದುಹಾಕಲಿಲ್ಲ. ಯಾಕೆ ಎಂದು ಕೇಳಬೇಡಿ,
ನಾನೂ ಕೇಳಿಕೊಂಡಿಲ್ಲ.

ಲೆದೆಸ್ಮಾ ಇನ್ನೊಮ್ಮೆ ಅಳೆ ಅನ್ನಲಿಲ್ಲ.
ಶಾಲೆಯ ಗೋಡೆಯ ನಕ್ಷೆಯಲ್ಲಿ ಇಳಿಯುತ್ತ ಬಂದ ಗೆರೆ
ಈಗ ತುದಿಯಲ್ಲಿ ಚೂರು ತಲೆಯೆತ್ತಿದೆ.
ಆ ಎತ್ತರ ನನ್ನ ಮಗನ ಚಳಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಮಂಗಳವಾರ ಟ್ಯಾಂಕರು ಬರುತ್ತದೆ, ಇಲ್ಲವೇ ಬುಧವಾರ.
ಅಲ್ಲಿಯವರೆಗೆ ಅವನು
ಖಾಲಿ ಕ್ಯಾನಿನೊಳಗೆ ದಾರ ಇಳಿಬಿಟ್ಟು, ನನ್ನನ್ನೇ ನೋಡುತ್ತ,
ಬಾಯಲ್ಲಿ ಕೀಂ ಎನ್ನುತ್ತಾನೆ.
"ಎಷ್ಟು ಬಂತು?" ಎನ್ನುತ್ತಾಳೆ ಅವ್ವ, ಒಲೆಯ ಕಡೆಯಿಂದ.